ಕಾಟಾ ಸೂಗಪ್ಪನ ಕೆಂಪು ಕಾರು

ಸೇಡಂ ದಾಟಿ ಚಿತ್ತಾಪುರದ ರಸ್ತೆ ಹಿಡಿದರೆ ಎಡಗಡೆಗೆ ಒಂದು ತೊಗರಿಬೇಳೆ ಗಿರಣಿ ಸಿಗುತ್ತದೆ. ಅದರ ಮುಂದೆ ಲಾರಿಗಳನ್ನು ತೂಗುವ ಕಾಟಾ ಇದೆ. ನೆಲದಿಂದ ಮೊಳದೆತ್ತರಕ್ಕೆ ಕೂರಿಸಿದ ಉದ್ದನೆಯ ಕಬ್ಬಿಣದ ವೇದಿಕೆ, ಹತ್ತಲು ಇಳಿಯಲು ಎರಡೂ ತುದಿಗೆ ಇಳಿಜಾರು, ಪಕ್ಕದಲ್ಲಿ ಒಂದು ಕಿಟಕಿಯ ಸಣ್ಣ ಕೋಣೆ. ಮೀಸೆ ಮೂಡುವ ವಯಸ್ಸಿನಲ್ಲಿ ಆ ಕಿಟಕಿಯ ಹಿಂದೆ ಬಂದು ಕುಳಿತ ಸೂಗಪ್ಪ, ತಲೆ ನೆರೆತರೂ ಅಲ್ಲಿಯೇ ಇದ್ದಾನೆ. ಊರವರಿಗೆ ಅವನ ಮನೆತನದ ಹೆಸರು ಮರೆತೇ ಹೋಗಿದೆ. ಕಾಟಾ ಸೂಗಪ್ಪ ಎಂದರೆ ಮಾತ್ರ ಗೊತ್ತು.

ತೂಗುವವನ ಕಣ್ಣಿಗೆ ಲೋಕವು ಒಂದು ಬಗೆಯಾಗಿ ಕಾಣುತ್ತದೆ. ತುಂಬಿದ ಲಾರಿಯನ್ನು ತೂಗುವಾಗ ಸೀಟಿನ ಹಿಂದೆ ಹಮಾಲರನ್ನು ಮಲಗಿಸಿಕೊಂಡು ಬರುವವರನ್ನು ಅವನು ನೋಡಿದ್ದ. ಖಾಲಿ ಲಾರಿಯನ್ನು ತೂಗುವಾಗ ಒಂದು ಗಾಲಿಯನ್ನು ಅಂಚಿನಾಚೆ ನಿಲ್ಲಿಸುವವರನ್ನು, ತೊಗರಿ ಚೀಲಗಳ ನಡುವೆ ಹಾಸುಗಲ್ಲಿನ ತುಂಡು ಹುದುಗಿಸುವವರನ್ನು ನೋಡಿದ್ದ. ಆದ್ದರಿಂದ ಯಾವ ಗಾಡಿ ಬಂದರೂ ಮೊದಲು ಕೋಣೆಯಿಂದ ಇಳಿದು, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಾಗಿಲು ತಟ್ಟಿ, ಒಳಗೆ ಇಣುಕಿ ನೋಡಿಯೇ ತೂಗುತ್ತಿದ್ದ. ದೊಡ್ಡವರು ಚಿಕ್ಕವರು ಎಂಬ ಭೇದವಿರಲಿಲ್ಲ. ಗುಡಿಯ ಜೀರ್ಣೋದ್ಧಾರಕ್ಕೆಂದು ಕಲ್ಲು ತಂದ ಗಾಡಿಯ ಕೆಳಗೂ ಬಗ್ಗಿ ನೋಡಿದವನು ಅವನು. ಜನ ಬೈದುಕೊಳ್ಳುತ್ತಿದ್ದರು. ಆದರೆ ಅವನ ಕಾಟಾದಲ್ಲಿ ಒಂದು ಪಾವು ಹೆಚ್ಚು ಕಡಿಮೆ ಆಯಿತೆಂದು ಯಾರೂ ಹೇಳಿರಲಿಲ್ಲ. ಆಡಕಿ, ಕಾಳಗಿಯ ಕಡೆಯ ರೈತರೂ ಸೂಗಪ್ಪ ತೂಗಿದ ಮೇಲೆ ಇನ್ನೊಂದು ಕಡೆ ತೂಗಿಸುವ ಕೆಲಸವಿಲ್ಲ ಎನ್ನುತ್ತಿದ್ದರು. ಇಷ್ಟು ವರ್ಷ ಕುಳಿತು ಅವನು ಗಳಿಸಿದ ಆಸ್ತಿ ಎಂದರೆ ಆ ಮಾತೊಂದೇ.

ಇಂಥ ಮನುಷ್ಯನಿಗೆ ಕಾರಿನ ಆಸೆ ಹೇಗೆ ಹುಟ್ಟಿತೋ ಹೇಳುವುದು ಕಷ್ಟ. ಅವನೆದುರು ಬರುವ ಗಾಡಿಗಳೆಲ್ಲ ಹೊರೆ ಹೊತ್ತವು. ಕಲ್ಲು, ಸಿಮೆಂಟು, ತೊಗರಿ, ಹೊಟ್ಟು. ಏನನ್ನೂ ಹೊರದ, ಹೊರಲು ಜಾಗವೇ ಇಲ್ಲದ ಗಾಡಿಯೊಂದನ್ನು ಅವನು ನೋಡಿದ್ದು ವಾಡಿಯಲ್ಲಿ, ನೆಂಟರ ಮದುವೆಗೆ ಹೋದಾಗ. ಪಕ್ಕದ ಮನೆಯ ಹಿತ್ತಲಲ್ಲಿ ತಾಡಪತ್ರಿಯ ಕೆಳಗಿಂದ ಅದರ ಕೆಂಪು ಮೂತಿ ಕಾಣುತ್ತಿತ್ತು. ಜಪಾನಿನದು, ಎರಡೇ ಬಾಗಿಲು. ಒಳಗೆ ಕುಳಿತರೆ ಚಾಪೆಯ ಮೇಲೆ ಕುಳಿತಂತೆ ಕಾಲು ಚಾಚಬೇಕು. ಹಿಂದಿನ ಸೀಟು ಹೆಸರಿಗಷ್ಟೇ. ದೀಪಗಳೆರಡೂ ಬಾನೆಟ್ಟಿನೊಳಗೆ ಮುಚ್ಚಿಕೊಂಡಿದ್ದು, ಗುಂಡಿ ಒತ್ತಿದರೆ ಕಪ್ಪೆಯ ಕಣ್ಣಿನಂತೆ ಮೇಲೆದ್ದು ಬರುತ್ತಿದ್ದವು. ಸಿಮೆಂಟು ಕಾರ್ಖಾನೆಯಲ್ಲಿ ವಿದ್ಯುತ್ ವಿಭಾಗ ನೋಡಿಕೊಳ್ಳುತ್ತಿದ್ದವರೊಬ್ಬರು ತಮ್ಮ ಒಳ್ಳೆಯ ಕಾಲದಲ್ಲಿ ಹೈದರಾಬಾದಿನಿಂದ ತಂದದ್ದು. ಅವರು ತೀರಿಕೊಂಡಿದ್ದರು. ಅವರ ಹೆಂಡತಿ ಹಮೀದಾಬೇಗಂ ಅದನ್ನು ಮಾರುವುದೋ ಬಿಡುವುದೋ ಎಂದು ವರ್ಷಗಟ್ಟಲೆ ಯೋಚಿಸುತ್ತ ಇದ್ದರು.

ಸೂಗಪ್ಪನ ಮಗಳ ಮದುವೆ ಮುಗಿದಿತ್ತು. ಕಟ್ಟಿದ್ದ ವಿಮೆಯ ಹಣ ಕೈಗೆ ಬಂದಿತ್ತು. ಹೇಳಿ ಹೋದರೆ ಎಂಜಿನ್ನನ್ನು ಮೊದಲೇ ಬಿಸಿ ಮಾಡಿಟ್ಟು ದೋಷ ಮುಚ್ಚುತ್ತಾರೆಂದು, ಅವನು ಹೇಳದೆ ಕೇಳದೆ ಬೆಳಗಿನ ರೈಲಿಗೆ ವಾಡಿಗೆ ಹೋದ. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ತಣ್ಣಗಿದೆಯೆಂದು ಖಾತ್ರಿ ಮಾಡಿಕೊಂಡ. ಎಂಜಿನ್ ಎಣ್ಣೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದ. ತಗಡು ತುಕ್ಕು ತಿಂದ ಕಡೆ ಪುಟ್ಟಿ ಮೆತ್ತಿದ್ದಾರೆಯೇ ಎಂದು ನೋಡಲು, ಕಿಸೆಯಲ್ಲಿ ತಂದಿದ್ದ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ಕಾರಿನ ಮೈಯೆಲ್ಲ ಓಡಿಸಿದ.

ಹಮೀದಾಬೇಗಂ ಬಾಗಿಲ ಪರದೆಯ ಹತ್ತಿರ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಅವರಿಗೂ ಒಂದು ಸಂಶಯವಿತ್ತು. ಮದುವೆಯ ಮೆರವಣಿಗೆಗೆ ಗಾಡಿ ಬಾಡಿಗೆ ಕೊಡುವವರು ಹಳೆಯ ಕಾರುಗಳನ್ನು ಕೊಂಡು, ಮೇಲ್ಛಾವಣಿ ಕತ್ತರಿಸಿ, ನವಿಲಿನ ತಲೆ ಕೂರಿಸಿ, ಮದುಮಗನನ್ನು ಹತ್ತಿಸಿ ಬೀದಿ ತಿರುಗಿಸುವುದು ಈ ಕಡೆ ಈಚೆಗೆ ಹೆಚ್ಚಾಗಿದೆ. ಅಂಥವರು ಒಬ್ಬಿಬ್ಬರು ಆಗಲೇ ಬಂದು ಹೋಗಿದ್ದರು.

“ಹೆಣ್ಣ ನೋಡ್ಲಿಕ್ಕ ಬಂದೋರೂ ಇಷ್ಟ ನೋಡಂಗಿಲ್ಲರಿ,” ಎಂದರು ಹಮೀದಾಬೇಗಂ. “ನೋಡೂದ ಆಯ್ತಿಲ್ಲ? ಈಗ ನಾ ಕೇಳ್ತೀನಿ. ಇದರ ಛತ್ತ ಕೊಯ್ಸೋರಲ್ಲಲ್ಲ ನೀವು?”

“ನಾ ಕಾಟಾದಾಗ ಕೆಲಸಾ ಮಾಡಾಂವರಿ. ಬಾರಾತಿನ ಗಾಡಿ ಇಟ್ಟಾಂವಲ್ಲ.”

“ಹಂಗ ಹೇಳಿದೋರು ಭಾಳ ಮಂದಿ ಬಂದಾರ. ಕೊರಳಾಗಿನ ಲಿಂಗ ಹಿಡದ ಹೇಳ್ರಿ.”

ಸೂಗಪ್ಪನಿಗೆ ರೇಗಿತು. ಜೀವಮಾನದಲ್ಲಿ ಅವನ ಮಾತಿಗೆ ಯಾರೂ ಆಣೆ ಕೇಳಿರಲಿಲ್ಲ. ಆದರೆ ತಾನು ಆಗಷ್ಟೇ ಅಯಸ್ಕಾಂತ ಹಿಡಿದು ಅವರ ಗಂಡನ ಕಾರನ್ನು ತಡವಿದ್ದು ನೆನಪಾಗಿ, ಅಂಗಿಯೊಳಗೆ ಕೈ ಹಾಕಿ ಲಿಂಗ ಮುಟ್ಟಿ ಹೇಳಿದ. ಆಮೇಲೆಯೇ ಆಕೆ ಚಹಾ ಕೊಟ್ಟದ್ದು.

ಕಾಗದಪತ್ರಗಳ ಓಡಾಟ ಮುಗಿದು ಬೇಸಿಗೆಯಲ್ಲಿ ಕಾರು ಅವನದಾಯಿತು. ವಾಡಿಯಿಂದ ಸೇಡಂವರೆಗೆ ಪ್ರತಿಯೊಂದು ರಸ್ತೆಯುಬ್ಬಿಗೂ ಅದರ ಹೊಟ್ಟೆ ಕೆರೆಯಿತು. ಉಬ್ಬು ಬಂದಾಗಲೆಲ್ಲ ಅವನು ನಿಲ್ಲಿಸಿ, ಇಳಿದು, ಬಗ್ಗಿ ನೋಡಿ, ಓರೆಯಾಗಿ ಹತ್ತಿಸಿ ದಾಟಿಸಿದ. ಮನೆಗೆ ಹೋಗುವ ಮೊದಲು, ಪೆಟ್ರೋಲು ಟಾಕಿ ತುಂಬಿಸಿಕೊಂಡು ನೆಟ್ಟಗೆ ಕಾಟಾಕ್ಕೆ ತಂದ. ತೂಗಿ ನೋಡದೆ ಯಾವುದನ್ನೂ ತನ್ನದೆಂದು ಒಪ್ಪುವ ಮನಸ್ಸು ಅವನದಲ್ಲ. ಗಿರಣಿಯ ಹಮಾಲರೆಲ್ಲ ಕೂಡಿದ್ದರು. ಎಲ್ಲರಿಗೂ ಕಾಣಲೆಂದು ವೇದಿಕೆಯ ನಟ್ಟನಡುವೆ, ಕಿಟಕಿಗೆ ಎದುರಾಗಿ ನಿಲ್ಲಿಸಿದ. ತಾನು ಇಳಿದು ಹೋಗಿ ನೋಡಿದರೆ ಹನ್ನೊಂದು ಕ್ವಿಂಟಲ್ ಅರವತ್ತು ಕಿಲೋ ಎಂದಿತು. ಆ ಅಂಕಿ ಮಗಳ ಹುಟ್ಟಿದ ತಾರೀಖಿನಂತೆ ಅವನ ಮನಸ್ಸಿನಲ್ಲಿ ಕುಳಿತಿತು.

ಹೆಂಡತಿ ವಿಮಲಾಬಾಯಿ ಕಾರನ್ನು ನೋಡಿ ಮೊದಲು ಕೇಳಿದ್ದು, ಎರಡೇ ಸೀಟಿನ ಗಾಡಿಯಲ್ಲಿ ಇನ್ನೊಂದು ಸೀಟು ಯಾರಿಗೆ ಎಂದು. ನಿನಗೇ ಎಂದರೆ ಆಕೆ ನಂಬಲಿಲ್ಲ. ಸನ್ನತಿಯ ಚಂದ್ರಲಾಂಬೆಗೆ ಹೋಗಿ ಗಾಡಿಗೆ ಪೂಜೆ ಮಾಡಿಸಿಕೊಂಡು ಬಂದ ಮೇಲೂ, ಸೀಟಿನ ಸಂದಿಯಲ್ಲಿ ಕೂದಲೆಳೆ ಸಿಕ್ಕಿದರೆ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಒಂದು ಭಾನುವಾರ ಚಿಂಚೋಳಿಯ ರಸ್ತೆಯಲ್ಲಿ, ಕಾಡು ಶುರುವಾಗುವ ಕಡೆ, ಮುಂದೆ ಯಾರೂ ಇಲ್ಲದ್ದನ್ನು ನೋಡಿ ಅವನು ಕಾಲು ಒತ್ತಿದ. ಕಾರು ನೆಲ ಹಿಡಿದುಕೊಂಡು ಹೋದ ಬಗೆಗೆ ವಿಮಲಾಬಾಯಿ ಒಂದು ಕೈಯಿಂದ ಬಾಗಿಲನ್ನೂ ಇನ್ನೊಂದು ಕೈಯಿಂದ ತಾಳಿಯನ್ನೂ ಹಿಡಿದುಕೊಂಡಳು. ಗಾಡಿ ನಿಂತ ಮೇಲೆ ಸೆರಗು ಸರಿಮಾಡಿಕೊಂಡು, ಇನ್ನೊಮ್ಮೆ ಹಾಗೆ ಹೊಡೆಯುವಂತೆ ಹೇಳಿದಳು. ಆ ದಿನದಿಂದ ಕೂದಲೆಳೆಯ ಮಾತು ನಿಂತಿತು.

ಊರಿನ ಮಾತು ಮಾತ್ರ ನಿಲ್ಲಲಿಲ್ಲ. ಚಹಾದ ಹೋಟೆಲಿನಲ್ಲಿ ಅವನು ಹೋಗಿ ಕುಳಿತರೆ ಮಾತು ಬೇರೆ ಕಡೆಗೆ ತಿರುಗುತ್ತಿತ್ತು. ಕಾಟಾದವನ ಸಂಬಳಕ್ಕೆ ಇಂಥ ಕಾರು ಹೇಗೆ ಬರುತ್ತದೆ ಎಂದು ಎದುರಿಗೆ ಯಾರೂ ಕೇಳಲಿಲ್ಲ. ಕೇಳಿದ್ದರೆ ವಿಮೆಯ ಮಾತು ಹೇಳುತ್ತಿದ್ದ. ಕೇಳದವರಿಗೆ ಉತ್ತರ ಹೇಳುವುದು ಹೇಗೆ? ಗಿರಣಿಯ ಯಜಮಾನ ಸಿದ್ದಲಿಂಗೇಶ, ತಂದೆಯ ಕಾಲದಿಂದ ಸೂಗಪ್ಪನನ್ನು ಕಾಕಾ ಎಂದು ಕರೆಯುತ್ತ ಬೆಳೆದವನು, ಒಂದು ದಿನ ಕೋಣೆಯೊಳಗೆ ಕ್ಯಾಮೆರಾ ಕೂರಿಸಿದ. ಕಳ್ಳರ ಕಾಟಕ್ಕೆ ಎಂದ. ಕ್ಯಾಮೆರಾ ಹೊರಗಿನ ವೇದಿಕೆಯನ್ನು ನೋಡುತ್ತಿರಲಿಲ್ಲ, ಸೂಗಪ್ಪನ ಕುರ್ಚಿಯನ್ನು ನೋಡುತ್ತಿತ್ತು.

ಹಳೆಯ ಕಾರು ಕೊಂಡವನಿಗೆ ಕೊಂಡ ಮೇಲೆಯೇ ಕೆಲಸ ಶುರು. ಮಳೆಗಾಲ ಹತ್ತಿರ ಬರುತ್ತಿದ್ದಂತೆ ಕ್ಲಚ್ ಜಾರತೊಡಗಿತು. ಬಲಗಡೆಯ ದೀಪ ಅರ್ಧ ಎದ್ದು ನಿಲ್ಲುತ್ತಿತ್ತು. ಬಾಗಿಲ ಅಂಚಿನ ರಬ್ಬರು ಒಣಗಿ ಪುಡಿಯಾಗಿ ನೀರು ಒಳಗೆ ಇಳಿಯುತ್ತಿತ್ತು. ಸೇಡಂನ ಮೆಕ್ಯಾನಿಕ್ಕರು ಬಾನೆಟ್ಟು ತೆರೆದು, ನೋಡಿ, ಮೆಲ್ಲಗೆ ಮುಚ್ಚಿದರು. ಅದನ್ನು ಬಿಚ್ಚಲು ಒಪ್ಪಿಕೊಂಡವನು ಶಹಾಬಾದಿನ ಜಿಲಾನಿ ಒಬ್ಬನೇ. ಹೈದರಾಬಾದಿನಲ್ಲಿ ವಿದೇಶಿ ಕಾರುಗಳ ನಡುವೆ ಕೆಲಸ ಕಲಿತು ಬಂದವನು. ಮಾತು ಕಡಿಮೆ, ಸಿಟ್ಟು ಬೇಗ.

ಮೆಕ್ಯಾನಿಕ್ಕರು ಒಳ್ಳೆಯ ಭಾಗ ತೆಗೆದುಕೊಂಡು ಸವೆದದ್ದನ್ನು ಹಾಕಿಕೊಡುತ್ತಾರೆಂಬುದು ಲಾರಿಯವರಿಂದ ಕೇಳಿ ಕೇಳಿ ಸೂಗಪ್ಪನಿಗೆ ಬಾಯಿಪಾಠವಾಗಿತ್ತು. ಆದ್ದರಿಂದ ಅವನು ಎರಡು ಕೆಲಸ ಮಾಡಿದ. ಮಗಳು ಬಿಟ್ಟುಹೋದ ಉಗುರುಬಣ್ಣದ ಸೀಸೆ ತೆಗೆದುಕೊಂಡು, ಎಂಜಿನ್ನಿನ ಸುತ್ತಲಿನ ಒಂದೊಂದು ಭಾಗಕ್ಕೂ ಕಣ್ಣಿಗೆ ಬೀಳದ ಕಡೆ ಒಂದು ಚುಕ್ಕೆ ಇಟ್ಟ. ಆಮೇಲೆ ಪೆಟ್ರೋಲು ಟಾಕಿ ತುಂಬಿಸಿ, ಕಾರನ್ನು ಮತ್ತೆ ಕಾಟಾದ ನಡುವೆ ನಿಲ್ಲಿಸಿ ತೂಗಿದ. ಹನ್ನೊಂದು ಅರವತ್ತು. ಈ ಪ್ರಾಂತದಲ್ಲಿ ರಿಪೇರಿಗೆ ಬಿಡುವ ಮುಂಚೆ ಕಾರನ್ನು ತೂಗಿ ಕಳಿಸಿದವನು ಬಹುಶಃ ಅವನೊಬ್ಬನೇ ಇರಬೇಕು.

ಕ್ಲಚ್ಚಿನ ತಟ್ಟೆ ಸಿಗಲು ಮಳೆಗಾಲವೆಲ್ಲ ಹಿಡಿಯಿತು. ಹೈದರಾಬಾದಿನ ಗುಜರಿಯಲ್ಲಿ ಸಿಕ್ಕಿದ್ದು ಹೊಂದಲಿಲ್ಲ; ಹೊಂದುವುದು ಬರುವಷ್ಟರಲ್ಲಿ ಒಳಗಿನ ಬೆಲ್ಟೂ ಬಿರುಕು ಬಿಟ್ಟಿದ್ದು ಕಂಡಿತು. ಸೂಗಪ್ಪ ರಜೆ ಸಿಕ್ಕಾಗಲೆಲ್ಲ ಶಹಾಬಾದಿಗೆ ಹೋಗಿ, ಸೀಮೆಎಣ್ಣೆಯ ಬೋಗುಣಿಯಲ್ಲಿ ಬಿದ್ದಿರುವ ತುಂಡುಗಳನ್ನು ನೋಡಿ ನಿಟ್ಟುಸಿರು ಬಿಟ್ಟು ಬರುತ್ತಿದ್ದ. ಎಳ್ಳಮಾಸಿ ಹಬ್ಬ ಮುಗಿದು ಹೊಲದಿಂದ ಹೊಸ ತೊಗರಿ ಬರಲು ಶುರುವಾದ ಮೇಲೆ ಕಾರು ಸಿದ್ಧವಾಯಿತು. ದೀಪವೊಂದರ ಕೆಲಸ ಮಾತ್ರ ಉಳಿದಿತ್ತು. ಅದಕ್ಕೆ ಬೇಕಾದದ್ದು ಬಂದಾಗ ಹೇಳುತ್ತೇನೆಂದು ಜಿಲಾನಿ ಕೀಲಿ ಕೊಟ್ಟ.

ಸೂಗಪ್ಪ ದಾರಿಯಲ್ಲಿ ಟಾಕಿ ತುಂಬಿಸಿಕೊಂಡು ನೇರ ಕಾಟಾಕ್ಕೆ ಬಂದ. ಸುಗ್ಗಿಯ ಕಾಲ; ಹಿಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ಸಣ್ಣ ಗಾಡಿಗಳು ಬಂದರೆ ಹಿಂದಿನವರು ರಸ್ತೆ ಬಿಟ್ಟು ಒಳಗೆ ಸರಿಯಲೆಂದು ಅವನು ಯಾವಾಗಲೂ ಕಿಟಕಿಯಿಂದ ಕೈ ಬೀಸಿ, ವೇದಿಕೆಯ ಮುಂದಿನ ತುದಿಗೆ ಹೋಗಿ ನಿಲ್ಲಲು ಹೇಳುತ್ತಿದ್ದ. ಅದೇ ರೂಢಿಯಿಂದ ತನ್ನ ಕಾರನ್ನೂ ಮುಂದಿನ ತುದಿಗೆ ಒಯ್ದು ನಿಲ್ಲಿಸಿ, ಇಳಿದು ಬಂದು ನೋಡಿದ. ಹನ್ನೊಂದು ಇಪ್ಪತ್ತು.

ನಲವತ್ತು ಕಿಲೋ ಕಡಿಮೆ.

ಮನೆಗೆ ಹೋಗಿ ಬಾನೆಟ್ಟು ಎತ್ತಿ ಚುಕ್ಕೆಗಳನ್ನು ಹುಡುಕಿದ. ಎಲ್ಲ ಚುಕ್ಕೆಗಳೂ ಇಟ್ಟಲ್ಲೇ ಇದ್ದವು. ಅದರಿಂದ ಸಮಾಧಾನವಾಗುವ ಬದಲು ಸಂಶಯ ಇನ್ನೂ ಆಳಕ್ಕೆ ಇಳಿಯಿತು. ಚುಕ್ಕೆ ಇಡಲಾಗದ ಜಾಗದಲ್ಲಿ, ಗೇರುಗಳ ಪೆಟ್ಟಿಗೆಯ ಒಳಗೆ, ಎಂಜಿನ್ನಿನ ಹೊಟ್ಟೆಯೊಳಗೆ ಕೈ ಹಾಕಿದ್ದಾನೆ ಎಂದುಕೊಂಡ. ಹೆಚ್ಚುವರಿ ಗಾಲಿ, ಜ್ಯಾಕು, ಸೀಟು ಎಲ್ಲ ಹೊರಗೆ ತೆಗೆದು ಅಂಗಳದಲ್ಲಿ ಹರವಿದ. ಕಾರು ಇಷ್ಟು ಸರಾಗವಾಗಿ ಓಡುತ್ತಿರುವಾಗ ಯಾವುದನ್ನು ಕದ್ದಿದ್ದಾನೆಂದು ಹುಡುಕುತ್ತೀರಿ ಎಂದು ವಿಮಲಾಬಾಯಿ ಕೇಳಿದರೆ, ಸರಾಗವಾಗಿ ಓಡುತ್ತಿರುವುದೇ ಅನುಮಾನ ಎಂದ.

ಅದೇ ವಾರ ಆಡಕಿಯ ದೇವಿಂದ್ರಪ್ಪ ಟ್ರ್ಯಾಕ್ಟರಿನಲ್ಲಿ ತೊಗರಿ ತಂದ. ಹಳೆಯ ಪರಿಚಯದವನು. ಟ್ರ್ಯಾಕ್ಟರು ತುಂಬಿದ್ದಾಗ ಒಮ್ಮೆ, ಖಾಲಿಯಾದ ಮೇಲೆ ಒಮ್ಮೆ ತೂಗಿ, ಲೆಕ್ಕ ಕೈಗೆ ಬಂದಾಗ ಅವನು ಹೋಗದೆ ಕಿಟಕಿಯ ಹತ್ತಿರ ನಿಂತ.

“ಸೂಗಪ್ಪ ಮಾಮಾ, ಮನ್ಯಾಗ ಚೀಲಕ್ಕ ಚೀಲ ತೂಗಿ ತಂದೀನಿ. ಇಲ್ಲಿ ಒಂದ ಚೀಲದ ಮ್ಯಾಲ ಕಡಿಮಿ ಬರ್ಲಿಕತ್ತದ.”

“ನಿಮ್ಮ ಮನ್ಯಾಗಿನ ತಕ್ಕಡಿ ನೋಡ್ಕೋ ಹೋಗಪ್ಪ.”

“ನೋಡೀನಿ. ಅದಕ್ಕ ಕೇಳ್ಲಿಕತ್ತೀನಿ.”

ಸೂಗಪ್ಪ ಮುಂದಿನವನಿಗೆ ಕೈ ಬೀಸಿದ. ದೇವಿಂದ್ರಪ್ಪ ಹೋಗುವಾಗ ಬೇವಿನ ನೆರಳಿನಲ್ಲಿ ನಿಂತಿದ್ದ ಕೆಂಪು ಕಾರಿನ ಕಡೆ ಒಮ್ಮೆ ನೋಡಿದ. ಆ ನೋಟದ ಅರ್ಥ ಸೂಗಪ್ಪನಿಗೆ ತಿಳಿಯಿತು. ಊಟದ ಬುತ್ತಿ ಹಾಗೆಯೇ ಮನೆಗೆ ವಾಪಸು ಹೋಯಿತು.

ಭಾನುವಾರ ಅವನು ಶಹಾಬಾದಿಗೆ ಹೋದ. ಜಿಲಾನಿ ಒಂದು ಜೀಪಿನ ಕೆಳಗೆ ಮಲಗಿದ್ದ. ಹೊರಗೆ ಬಾ ಎಂದು ಕರೆದು, ನಾಲ್ಕು ಜನರ ಎದುರಿಗೆ ಸೂಗಪ್ಪ ಕೇಳಿಯೇಬಿಟ್ಟ. ಕೊಡುವಾಗ ಇದ್ದ ತೂಕ ಹೇಳಿದ, ಬಂದ ಮೇಲಿನ ತೂಕ ಹೇಳಿದ. ಜಿಲಾನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಕೈಗೆ ಅಂಟಿದ್ದ ಗ್ರೀಸನ್ನು ನಿಧಾನವಾಗಿ ಒರೆಸಿಕೊಂಡ.

“ಗಾಡಿ ತೂಗಿ ಕೊಟ್ಟಿದ್ರೇನು ನೀವು? ನಾ ಏನ ಅಡತಿ ಅಂಗಡಿ ಇಟ್ಟೀನೇನ್ರಿ, ತೂಗಿ ತಗೊಂಡು ತೂಗಿ ಕೊಡ್ಲಿಕ್ಕ?”

“ನಲವತ್ತ ಕಿಲೋ ಎಲ್ಲಿ ಹೋತು, ಅಷ್ಟ ಹೇಳು.”

“ಹೇಳ್ತೀನಿ ಕೇಳ್ರಿ ಸೂಗಪ್ಪಣ್ಣ. ಒಂದೋ ನಾ ಕಳ್ಳ. ಇಲ್ಲಂದ್ರ ನಿಮ್ಮ ಕಾಟಾ ಕಳ್ಳ. ಮೂರನೇದಿಲ್ಲ. ಯಾವುದು ಅಂತ ನೀವ ಆರಸ್ಕೊಳ್ರಿ. ಅಲ್ಲೀತನಕ ಈ ಗಾಡಿ ನನ್ನ ಅಂಗಡಿ ಮುಂದ ತರಬ್ಯಾಡ್ರಿ.”

ಶಹಾಬಾದಿನಿಂದ ಸೇಡಂಗೆ ಬರುವ ದಾರಿಯುದ್ದಕ್ಕೂ ಆ ಮಾತು ಅವನ ಪಕ್ಕದ ಸೀಟಿನಲ್ಲಿ ಕುಳಿತುಕೊಂಡೇ ಬಂದಿತು. ಜಿಲಾನಿ ಕಳ್ಳನಾಗಿದ್ದರೆ ನಲವತ್ತು ಕಿಲೋ ಕಬ್ಬಿಣ ಹೋಯಿತು, ಅಷ್ಟೇ. ಅವನು ಕಳ್ಳನಲ್ಲದಿದ್ದರೆ ದೇವಿಂದ್ರಪ್ಪನ ಮನೆಯ ತಕ್ಕಡಿಯೂ ನಿಜ. ಮತ್ತೆ ತನ್ನ ಹೆಸರು? ಒಬ್ಬ ಮನುಷ್ಯ ಕಳ್ಳನಾಗಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೇನೆ ಎಂಬುದು ಚಿತ್ತಾಪುರ ದಾಟುವಾಗ ಅವನಿಗೆ ಹೊಳೆಯಿತು. ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಆದರೂ ಬೇಡಿಕೆ ನಿಲ್ಲಲಿಲ್ಲ.

ಕೆಲವು ದಿನ ಅವನು ಕಾರನ್ನು ಕಾಟಾದ ಹತ್ತಿರ ತರಲೇ ಇಲ್ಲ. ಕೊನೆಗೆ ಒಂದು ಮಧ್ಯಾಹ್ನ, ಹಮಾಲರು ಊಟಕ್ಕೆ ಹೋದ ಹೊತ್ತಿನಲ್ಲಿ, ಇನ್ನೊಮ್ಮೆ ತೂಗಿ ನೋಡೋಣವೆಂದು ಟಾಕಿ ತುಂಬಿಸಿಕೊಂಡು ಬಂದು ವೇದಿಕೆ ಹತ್ತಿಸಿದ. ಮುಂದೆ ಒಂದು ಲಾರಿ ಇಳಿಜಾರಿನಲ್ಲಿ ಕೆಟ್ಟು ನಿಂತಿತ್ತು. ಅದರ ಹಿಂದಿನ ಹಲಗೆ ವೇದಿಕೆಯ ಮೇಲಕ್ಕೇ ಚಾಚಿಕೊಂಡಿತ್ತು. ಮುಂದಿನ ತುದಿಗೆ ಹೋಗಲು ಜಾಗವಿರಲಿಲ್ಲವಾದ್ದರಿಂದ ಹಿಂದಿನ ತುದಿಯಲ್ಲೇ ನಿಲ್ಲಿಸಿ, ಕೋಣೆಗೆ ಹೋಗಿ ನೋಡಿದ. ಹನ್ನೊಂದು ಅರವತ್ತು.

ಕದ್ದುಹೋದ ನಲವತ್ತು ಕಿಲೋ ತಾನಾಗಿಯೇ ಮರಳಿ ಬಂದಿತ್ತು.

ಲಾರಿಯವನು ಎಂಜಿನ್ ಸರಿಮಾಡಿಕೊಂಡು ಹೊರಟುಹೋದ ಮೇಲೆ ಸೂಗಪ್ಪ ಕಾರನ್ನು ಮುಂದಿನ ತುದಿಗೆ ಒಯ್ದ. ಹನ್ನೊಂದು ಇಪ್ಪತ್ತು. ಹಿಂದಕ್ಕೆ ತಂದ, ಅರವತ್ತು. ಮತ್ತೆ ಮುಂದಕ್ಕೆ ಒಯ್ಯುವ ಧೈರ್ಯ ಸಾಲದೆ ಇಳಿದು ಹೋಗಿ, ವೇದಿಕೆಯ ಮುಂದಿನ ಅಂಚಿಗೆ ಬೋರಲಾಗಿ ಮಲಗಿ, ಕಬ್ಬಿಣಕ್ಕೂ ಇಳಿಜಾರಿನ ಸಿಮೆಂಟಿನ ಗೋಡೆಗೂ ನಡುವಿನ ಸಂದಿಯಲ್ಲಿ ನೋಡಿದ. ಮಳೆಗಾಲದಲ್ಲಿ ಗಾಲಿಗಳಿಗೆ ಅಂಟಿ ಬಂದು ಬಿದ್ದ ಎರೆಮಣ್ಣು, ಕಲ್ಲಿನ ಪುಡಿ ಸೇರಿ ಗಟ್ಟಿಯಾಗಿತ್ತು. ಅದರೊಳಗೆ ಮುಷ್ಟಿಗಾತ್ರದ ಕಲ್ಲೊಂದು ಬೆಣೆಯಂತೆ ಸಿಕ್ಕಿಕೊಂಡಿತ್ತು. ಆ ತುದಿಗೆ ನಿಂತ ಗಾಡಿಯ ಭಾರದಲ್ಲಿ ಒಂದು ಪಾಲನ್ನು ಕಾಟಾ ಹೊರುವ ಬದಲು ಗೋಡೆ ಹೊರುತ್ತಿತ್ತು. ದೊಡ್ಡ ಲಾರಿಗಳು ವೇದಿಕೆಯುದ್ದಕ್ಕೂ ನಿಲ್ಲುವುದರಿಂದ ಆ ಕೊರತೆ ಅವುಗಳ ಭಾರದಲ್ಲಿ ಅಡಗಿಹೋಗಿತ್ತು. ಬರಿಯ ಆ ತುದಿಯಲ್ಲೇ ನಿಂತವು ರೈತರ ಟ್ರ್ಯಾಕ್ಟರುಗಳು. ಅಲ್ಲಿಗೆ ಹೋಗಿ ನಿಲ್ಲಲು ದಿನವೂ ಕೈ ಬೀಸಿದವನು ಅವನೇ.

ಪಕ್ಕದಲ್ಲೇ ಹಾರೆ ಇತ್ತು. ಒಂದು ಏಟಿಗೆ ಕಲ್ಲು ಹಾರಿಹೋಗುತ್ತಿತ್ತು. ನಾಳೆಯಿಂದ ತೂಕ ಸರಿಯಾಗುತ್ತಿತ್ತು. ಸುತ್ತ ಯಾರೂ ಇರಲಿಲ್ಲ, ಕ್ಯಾಮೆರಾ ನೋಡುತ್ತಿದ್ದುದು ಖಾಲಿ ಕುರ್ಚಿಯನ್ನು. ಹೇಳಿದರೆ ಆಗುವುದೇನು ಎಂಬುದೂ ಅವನಿಗೆ ಗೊತ್ತಿತ್ತು: ಕಾಟಾದಲ್ಲಿ ಮೋಸವಿತ್ತು, ಕಾರು ಬಂದದ್ದು ಅಲ್ಲಿಂದ ಎಂದು ಊರು ಒಂದೇ ಬಾಯಲ್ಲಿ ಹೇಳುತ್ತದೆ. ಅವನು ಹಾರೆ ಎತ್ತಿ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ಹೀಗೆ ಹಾರೆ ಹಿಡಿದು ಒಬ್ಬನೇ ನಿಂತ ಇನ್ನೊಬ್ಬನನ್ನು ತಾನು ನೋಡಿದ್ದರೆ ಏನೆಂದುಕೊಳ್ಳುತ್ತಿದ್ದೆ ಎಂದು ಯೋಚಿಸಿದ. ಆಮೇಲೆ ಅದನ್ನು ಇದ್ದಲ್ಲೇ ಒರಗಿಸಿದ.

ಟ್ರ್ಯಾಕ್ಟರುಗಳು ಬರುವ ಹೊತ್ತಿಗೆ ಅವನು ಇಳಿಜಾರಿಗೆ ಅಡ್ಡ ಹಗ್ಗ ಕಟ್ಟಿ, ತೂಕ ನಿಂತಿದೆ ಎಂದು ಹೇಳಿದ. ಆಡಕಿಗೆ ಫೋನ್ ಮಾಡಿ ದೇವಿಂದ್ರಪ್ಪನನ್ನು ಕರೆಸಿದ. ಸಿದ್ದಲಿಂಗೇಶ ಗಿರಣಿಯಿಂದ ಓಡಿಬಂದು, ಕಲ್ಲನ್ನು ನೋಡಿ, ಸೂಗಪ್ಪನನ್ನು ಕೋಣೆಯ ಮರೆಗೆ ಕರೆದುಕೊಂಡು ಹೋದ. ಅವನ ಮುಖದಲ್ಲಿ ಗಾಬರಿ ಇತ್ತು. ಕಡಿಮೆ ತೂಕದ ಲಾಭ ಗಿರಣಿಗೇ ಬಂದಿತ್ತಲ್ಲ.

“ಕಾಕಾ, ಕಲ್ಲ ತೆಗದು ಒಗೀರಿ. ಇಲ್ಲಿಗಿ ಮುಗೀತದ. ಮಂದಿನ್ಯಾಕ ಕೂಡಸ್ಲಿಕತ್ತೀರಿ?”

“ಕಲ್ಲ ತೆಗದ್ರ ಕಲ್ಲ ಹೋಗ್ತದರಿ, ಸಾಹುಕಾರ್ರ. ನಾ ಒಬ್ಬಗ ಕಳ್ಳ ಅಂದು ಬಂದೀನಿ, ಒಬ್ಬನ ತಕ್ಕಡಿ ಸುಳ್ಳಂತ ಹೇಳೀನಿ. ಅದು ಹ್ಯಾಂಗ ಹೋಗ್ತದ?”

ಸೂಗಪ್ಪ ಅವನನ್ನು ದಾಟಿ ಹೋಗಿ ಕಾರನ್ನು ಏರಿದ.

ದೇವಿಂದ್ರಪ್ಪನನ್ನು ಕೋಣೆಯಲ್ಲಿ ತನ್ನ ಕುರ್ಚಿಯ ಮೇಲೆ ಕೂರಿಸಿ, ಅಂಕಿಯನ್ನು ಗಟ್ಟಿಯಾಗಿ ಓದಲು ಹೇಳಿದ್ದ. ಹೊರಗೆ ಇಪ್ಪತ್ತು ಮೂವತ್ತು ಜನ ರೈತರು ನಿಂತಿದ್ದರು. ಕೆಂಪು ಕಾರು, ಒಂದು ದೀಪ ಅರ್ಧ ಎದ್ದು, ಒಂದು ದೀಪ ಮುಚ್ಚಿ, ವೇದಿಕೆಯ ಹಿಂದಿನ ತುದಿಗೆ ಬಂದು ನಿಂತಿತು. ದೇವಿಂದ್ರಪ್ಪ ಓದಿದ. ಕಾರು ಮುಂದಿನ ತುದಿಗೆ ಸರಿಯಿತು. ದೇವಿಂದ್ರಪ್ಪ ಓದಲು ಹೋಗಿ, ನಿಲ್ಲಿಸಿ, ಕಣ್ಣು ಹತ್ತಿರ ಒಯ್ದು ಮತ್ತೆ ಓದಿದ. ಕಾರು ಹಿಂದಕ್ಕೆ ಬಂದಿತು, ಮತ್ತೆ ಮುಂದಕ್ಕೆ ಹೋಯಿತು. ಎಲ್ಲರಿಗೂ ಅರ್ಥವಾಗುವವರೆಗೆ ಅವನು ಹಿಂದೆ ಮುಂದೆ ಮಾಡುತ್ತಲೇ ಇದ್ದ. ಇಳಿದು ಬಂದಾಗ ಯಾರೂ ಶಾಬಾಸ್ ಎನ್ನಲಿಲ್ಲ. ಹಿಂದಿನಿಂದ ಒಬ್ಬ ಮುದುಕ ಕೇಳಿದ.

“ಇಷ್ಟ ದಿನಾ ನಿಂಗ ಗೊತ್ತಿದ್ದಿಲ್ಲಂತ ನಾವು ನಂಬಬೇಕೇನಪ?”

“ನಂಬಬ್ಯಾಡ್ರಿ,” ಎಂದ ಸೂಗಪ್ಪ. “ನಿಮ್ಮ ಜಾಗಾದಾಗ ನಾ ಇದ್ದಿದ್ರ ನಾನೂ ನಂಬತಿದ್ದಿಲ್ಲ.”

ಆಮೇಲೆ ಆಗಬೇಕಾದದ್ದು ಆಯಿತು. ಊರ ಹಿರಿಯರು ಕುಳಿತರು. ಆ ಸುಗ್ಗಿಯಲ್ಲಿ ಟ್ರ್ಯಾಕ್ಟರಿನಲ್ಲಿ ತಂದವರಿಗೆಲ್ಲ ಕೊರತೆ ತುಂಬಿಕೊಡಲು ಗಿರಣಿ ಒಪ್ಪಿಕೊಂಡಿತು. ತೂಕ ಅಳತೆ ಇಲಾಖೆಯ ಅಧಿಕಾರಿಗಳು ಬಂದು, ಸಂದಿ ತೆರವು ಮಾಡಿಸಿ, ಮುದ್ರೆಯ ತೂಕದ ಬಟ್ಟುಗಳನ್ನಿಟ್ಟು ಕಾಟಾವನ್ನು ಹೊಸದಾಗಿ ಪರೀಕ್ಷಿಸಿದರು. ಅಷ್ಟರವರೆಗೆ ಮನೆಯಲ್ಲಿರಲು ಸಿದ್ದಲಿಂಗೇಶ ಸೂಗಪ್ಪನಿಗೆ ಹೇಳಿದ. ಊರು ಎರಡಾಯಿತು. ತಾನೇ ಬಾಯಿಬಿಟ್ಟನಲ್ಲ, ಸಾಚಾ ಮನುಷ್ಯ ಎಂದವರು ಕೆಲವರು. ಸಿಕ್ಕಿಬೀಳುವ ಹಾಗಿತ್ತು, ಅದಕ್ಕೇ ಬಾಯಿಬಿಟ್ಟ ಎಂದವರು ಕೆಲವರು. ಹೊಸಬನನ್ನು ಕೂರಿಸುವ ಮಾತು ಬಂದಾಗ ಬೇಡವೆಂದವರು, ವಿಚಿತ್ರವೆಂದರೆ, ಎರಡನೆಯ ಗುಂಪಿನವರೇ. ಹೊಸಬನ ಕೈಚಳಕ ಕಂಡುಹಿಡಿಯಲು ನಮಗೆ ಮತ್ತೆ ವರ್ಷಗಳು ಬೇಕು, ಇವನದಾದರೆ ಆಗಲೇ ಗೊತ್ತಾಗಿದೆ ಎಂದು ಅವರ ವಾದ.

ಮನೆಯಲ್ಲಿ ಕುಳಿತ ಆ ದಿನಗಳಲ್ಲಿ ಅವನು ಶಹಾಬಾದಿಗೆ ಹೋದ. ಕಾರನ್ನು ದೂರದಲ್ಲೇ ನಿಲ್ಲಿಸಿ, ನಡೆದು ಹೋಗಿ, ಮೊದಲು ಯಾರೆದುರಿಗೆ ಬೈದಿದ್ದನೋ ಅವರೆಲ್ಲ ಇರುವಾಗಲೇ ತಪ್ಪಾಯಿತೆಂದ. ಜಿಲಾನಿ ಕೆಲಸ ನಿಲ್ಲಿಸಲಿಲ್ಲ. ಒಂದು ಬೋಲ್ಟನ್ನು ಪೂರ್ತಿ ಬಿಗಿದ ಮೇಲೆ ಸ್ಟೂಲನ್ನು ಕಾಲಿನಿಂದ ಇವನ ಕಡೆ ತಳ್ಳಿದ.

“ಕುಂದ್ರಿ. ದೀಪದ ಮೋಟಾರ ಬಂದದ, ಹಾಕಿ ಕೊಡ್ತೀನಿ. ಒಂದ ಮಾತ ಕೇಳ್ತೀನಿ ಅಣ್ಣಾ. ಅದೇನು ಎಲ್ಲಾದಕ್ಕೂ ಉಗುರಬಣ್ಣಾ ಹಚ್ಚೀರಿ?”

ಸೂಗಪ್ಪ ತಲೆ ತಗ್ಗಿಸಿದ. ಬಿಚ್ಚಿದ ಮೊದಲ ದಿನವೇ ಜಿಲಾನಿ ಅದನ್ನು ಕಂಡಿದ್ದ. ಸೀಮೆಎಣ್ಣೆಗೆ ಹೋಗದಿದ್ದರೂ ಒರಟು ಬ್ರಷ್ಷಿನಿಂದ ತಿಕ್ಕಿದರೆ ಅದು ಕಿತ್ತುಹೋದೀತೆಂದು, ಒಂದೊಂದು ಚುಕ್ಕೆಯನ್ನೂ ಬಿಟ್ಟು ಸುತ್ತಲೂ ಉಜ್ಜಿದ್ದನಂತೆ. ಹೇಗಿದ್ದರೂ ಈ ಅಣ್ಣ ಒಂದು ದಿನ ಬಂದು ಹುಡುಕುತ್ತಾನೆ, ಆಗ ಸಿಗಲಿ ಎಂದು. ಅದರಿಂದ ಕೆಲಸ ಎರಡರಷ್ಟಾಯಿತು ಎಂದು ಜಿಲಾನಿ ಹೇಳುವಾಗ ಅವನ ದನಿಯಲ್ಲಿ ನಗೆಯಿತ್ತೋ ಸಿಟ್ಟಿತ್ತೋ ಸೂಗಪ್ಪನಿಗೆ ಗುರುತಿಸಲಾಗಲಿಲ್ಲ.

ಸೂಗಪ್ಪ ಕಾಟಾಕ್ಕೆ ಮರಳಿದ ಬೆಳಿಗ್ಗೆ ಟ್ರ್ಯಾಕ್ಟರುಗಳ ಸಾಲಿನಲ್ಲಿ ಮೊದಲು ನಿಂತವನು ದೇವಿಂದ್ರಪ್ಪ. ಕೈ ಬೀಸಿದರೂ ಅವನು ಗಾಡಿ ಹತ್ತಿಸಲಿಲ್ಲ. ಇಳಿದು ಕಿಟಕಿಗೆ ಬಂದ.

“ಮಾಮಾ, ಮೊದಲ ನಿನ್ನ ಕಾರ ಹತ್ತಸು.”

“ಯಾಕಪ್ಪ, ಮುದ್ರಿ ಹಾಕಿ ಹೋಗ್ಯಾರ ಸರಕಾರದೋರು.”

“ಅವರು ವರ್ಷಕ್ಕೊಮ್ಮಿ ಬರ್ತಾರ. ನಿನ್ನ ಕಾರ ದಿನಾ ಬರ್ತದ. ಆ ತುದಿ ಈ ತುದಿ ಎರಡೂ ಕಡಿ ಒಂದೇ ಬಂದ್ರ ನಮ್ಮದು ತೂಗ್ಸತೀವಿ.”

ಹಿಂದಿನ ಟ್ರ್ಯಾಕ್ಟರುಗಳವರೂ ಇಳಿದು ಬಂದು ನಿಂತರು. ಅವರ ಮುಖಗಳಲ್ಲಿ ಸ್ನೇಹವೂ ಇರಲಿಲ್ಲ, ಹಗೆಯೂ ಇರಲಿಲ್ಲ. ಈ ಕಾರು ಎಲ್ಲಿಂದ ಬಂತೆಂದು ಊರೆಲ್ಲ ಕೇಳಿಕೊಂಡಿದ್ದ ಜನ, ಈಗ ಕಾರನ್ನು ಒಪ್ಪಿಕೊಂಡಿದ್ದರು. ಅದರ ಒಡೆಯನನ್ನು ಇನ್ನೂ ಒಪ್ಪಿಕೊಂಡಿರಲಿಲ್ಲ. ಸೂಗಪ್ಪ ಕೀಲಿ ತೆಗೆದುಕೊಂಡು ಎದ್ದ. ಅಂದಿನಿಂದ ಪ್ರತಿ ಬೆಳಿಗ್ಗೆ ಅವನು ಕಾರಿನಲ್ಲೇ ಬರಬೇಕಾಯಿತು. ಕ್ಲಚ್ಚು ಕೆಟ್ಟರೆ ತೊಗರಿಯ ತೂಕ ನಿಲ್ಲುತ್ತದೆಯೆಂದು ಜಿಲಾನಿಯೂ ಶಹಾಬಾದಿನಿಂದ ತಿಂಗಳಿಗೊಮ್ಮೆ ಬಂದು ನೋಡಿಹೋಗಬೇಕಾಯಿತು.

ಆ ಮೊದಲ ಬೆಳಿಗ್ಗೆ ಕಾರು ಹಿಂದಿನ ತುದಿಯಲ್ಲಿ ನಿಂತಿತು, ಮುಂದಿನ ತುದಿಯಲ್ಲಿ ನಿಂತಿತು. ಎರಡು ಕಡೆಯೂ ಒಂದೇ ತೂಕ. ದೇವಿಂದ್ರಪ್ಪ ಅಂಕಿ ನೋಡಿ ತಲೆಯಾಡಿಸಿದ. ಟ್ರ್ಯಾಕ್ಟರಿನ ಕಡೆಗೆ ಹೊರಟವನು ಅರ್ಧದಾರಿಯಲ್ಲಿ ತಿರುಗಿ ಬಂದು, ಕಾರಿನ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ಗಾಜಿನೊಳಗೆ ಇಣುಕಿ ನೋಡಿದ.

“ಡಿಕ್ಕಿ ತೆಗಿ ಮಾಮಾ,” ಎಂದ. “ಒಳಗ ಯಾರನ್ನರ ಮಲಗಿಸಿದ್ದಿ ಅಂದ್ರ?”

ಸೂಗಪ್ಪ ಹಿಂದೆ ಹೋಗಿ ಡಿಕ್ಕಿ ತೆಗೆದು, ಚೆನ್ನಾಗಿ ಕಾಣಲೆಂದು ಸ್ವಲ್ಪ ಬದಿಗೆ ಸರಿದು ನಿಂತ.